ಯಾವ ಕೋಳಿಗೆ, ಎಷ್ಟನೇ ವಾರಕ್ಕೆ?

ದೊಡ್ಡಬಳ್ಳಾಪುರದಲ್ಲೋ ಹೊಸಕೋಟೆಯಲ್ಲೋ ಫೀಡ್ ಅಂಗಡಿಗೆ ಹೋದರೆ ಗೋಡೆಗೆ ಒರಗಿಸಿಟ್ಟ ಮೂಟೆಗಳ ಮೇಲೆ ಹಲವು ಹೆಸರು ಕಾಣುತ್ತವೆ: ಪ್ರಿ-ಸ್ಟಾರ್ಟರ್, ಸ್ಟಾರ್ಟರ್, ಫಿನಿಶರ್, ಚಿಕ್, ಗ್ರೋಯರ್, ಲೇಯರ್. ಒಂದೊಂದರಿಂದಲೂ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿದರೆ ಕಣ್ಣಿಗೆ ದೊಡ್ಡ ವ್ಯತ್ಯಾಸವೇನೂ ಕಾಣುವುದಿಲ್ಲ. ಮುಸುಕಿನ ಜೋಳದ ಹಳದಿ, ಸೋಯಾ ಹಿಂಡಿಯ ಕಂದು, ಅಲ್ಲಲ್ಲಿ ಕಲ್ಲುಪುಡಿಯ ಬಿಳಿ. ಹತ್ತಿಪ್ಪತ್ತು ನಾಟಿ ಕೋಳಿ ಸಾಕಿಕೊಂಡವರು ಬಂದು ‘ಕೋಳಿಗೆ ಐದು ಕೆಜಿ ಫೀಡ್ ಕೊಡಣ್ಣ’ ಎಂದರೆ, ಬಾಯಿ ಬಿಚ್ಚಿದ ಮೂಟೆ ಯಾವುದಿದೆಯೋ ಅದರಿಂದಲೇ ತೂಗಿ ಕೊಡುವುದು ಎಷ್ಟೋ ಕಡೆ ನಡೆಯುತ್ತದೆ. ಕೊಳ್ಳುವವರೂ ವಿಚಾರಿಸುವುದಿಲ್ಲ, ಕೊಡುವವರೂ ಹೇಳುವುದಿಲ್ಲ.

ಆ ಫೀಡು ಲೇಯರ್ ಆಗಿದ್ದು, ಅಂಗಳದಲ್ಲಿರುವುದು ಎರಡು ತಿಂಗಳ ಮರಿಗಳಾಗಿದ್ದು, ವಾರಗಟ್ಟಲೆ ಅದನ್ನೇ ಹಾಕುತ್ತ ಹೋದರೆ ಮರಿಗಳ ಮೂತ್ರಪಿಂಡ ಕೆಡುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕೋಳಿ ತಿನ್ನುತ್ತದೆ, ಓಡಾಡುತ್ತದೆ, ಬೆಳೆಯುತ್ತಲೂ ಇರುತ್ತದೆ. ಇನ್ನೇನು ಮೊಟ್ಟೆಗೆ ಬಂತು ಅನ್ನುವ ಹೊತ್ತಿಗೆ ಒಂದೊಂದಾಗಿ ಸಾಯತೊಡಗುತ್ತವೆ. ಮನೆಯವರು ರೋಗ ಬಂತೆಂದುಕೊಳ್ಳುತ್ತಾರೆ. ಬೆಳೆಯುವ ಕೋಳಿಗೆ ಆಹಾರ ಆರಿಸುವುದರಲ್ಲಿ ಆಗುವ ತಪ್ಪುಗಳಲ್ಲಿ ನನ್ನ ಪ್ರಕಾರ ಇದೇ ದೊಡ್ಡದು. ಅದಕ್ಕೇ ಈ ಅಧ್ಯಾಯದ ಬಹುಪಾಲು ಅದರ ಸುತ್ತಲೇ ಇದೆ.

ಬೆಂಗಳೂರು ಗ್ರಾಮಾಂತರದ ಎಲ್ಲ ಸಾಕಣೆದಾರರಿಗೂ ಈ ಆಯ್ಕೆ ಎದುರಾಗುವುದಿಲ್ಲ. ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಬಾಯ್ಲರ್ ಶೆಡ್ಡು ನಡೆಸುವವರಿಗೆ ಮರಿ, ಫೀಡು, ಔಷಧಿ, ಡಾಕ್ಟರು ಎಲ್ಲ ಕಂಪನಿಯದೇ. ಶೆಡ್ಡು, ಕರೆಂಟು, ನೀರು, ದುಡಿಮೆ ರೈತರದು. ಬ್ಯಾಚು ಎತ್ತಿದ ಮೇಲೆ ಕೆಜಿಗೆ ಇಷ್ಟೆಂದು ಸಾಕಣೆ ಕೂಲಿ ಬರುತ್ತದೆ. ಯಾವ ದಿನ ಯಾವ ಫೀಡಿಗೆ ಬದಲಾಯಿಸಬೇಕೆಂದು ಅಲ್ಲಿ ಬೇರೆಯವರು ಲೆಕ್ಕ ಹಾಕಿರುತ್ತಾರೆ. ತಾವೇ ಆರಿಸಬೇಕಾದವರು ಉಳಿದವರು: ನಾಟಿ ಕೋಳಿ ಸಾಕುವವರು, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಅಥವಾ 2005ರಲ್ಲಿ ಅಲ್ಲಿಂದಲೇ ಬಂದ ಸ್ವರ್ಣಧಾರ ಮರಿ ತಂದು ಹಿತ್ತಲಲ್ಲಿ ಬಿಟ್ಟವರು, ಐವತ್ತು ನೂರು ಮೊಟ್ಟೆ ಕೋಳಿ ಇಟ್ಟುಕೊಂಡ ಸ್ವಸಹಾಯ ಗುಂಪಿನ ಹೆಂಗಸರು. ನಮ್ಮ ಭಾಗದಲ್ಲಿ ಇಂಥವರು ಕಡಿಮೆಯಿಲ್ಲ. ಬೆಂಗಳೂರು ಪಕ್ಕದಲ್ಲೇ ಇರುವಾಗ ನಾಟಿ ಕೋಳಿಗೂ ನಾಟಿ ಮೊಟ್ಟೆಗೂ ಗಿರಾಕಿಗಳಿಗೆ ಬರವಿಲ್ಲ.

ಹಿಂದೆ ಇವರಿಗೂ ಈ ಚಿಂತೆ ಇರಲಿಲ್ಲ. ಮನೆಯ ಮುಂದೆ ಕಣ, ಹಿಂದೆ ತಿಪ್ಪೆ, ಪಕ್ಕದಲ್ಲಿ ಕೊಟ್ಟಿಗೆ. ಕಣದಲ್ಲಿ ಉದುರಿದ ರಾಗಿ, ತಿಪ್ಪೆ ಕೆದಕಿದರೆ ಸಿಗುವ ಹುಳ, ಮಳೆಗಾಲದ ಗೆದ್ದಲು, ಬೇಲಿಯ ಸೊಪ್ಪು ತಿಂದು ನಾಟಿ ಕೋಳಿ ತನ್ನ ಊಟ ತಾನೇ ಹೊಂದಿಸಿಕೊಳ್ಳುತ್ತಿತ್ತು. ಕಾಳಿನಿಂದ ಶಕ್ತಿ, ಹುಳದಿಂದ ಪ್ರೋಟೀನು, ಸೊಪ್ಪಿನಿಂದ ಜೀವಸತ್ವ, ಬಿಸಿಲಿನಿಂದ ಡಿ ಜೀವಸತ್ವ. ಈಗ ದನ ಕಟ್ಟುವ ಮನೆಗಳು ಕಡಿಮೆಯಾಗಿವೆ, ತಿಪ್ಪೆಗಳೂ ಕಡಿಮೆಯಾಗಿವೆ. ಒಕ್ಕಣೆ ಟಾರು ರಸ್ತೆಗೆ ಹೋಯಿತು, ಇಲ್ಲವೇ ಮಿಷಿನ್ನಿಗೆ ಹೋಯಿತು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಸುತ್ತಿನ ಎಷ್ಟೋ ಹೊಲಗಳಲ್ಲಿ ಲೇಔಟಿನ ಕಲ್ಲು ನಿಂತಿವೆ. ಕೋಳಿಗಳ ಸಂಖ್ಯೆ ಹೆಚ್ಚಿಸಿದವರು ಬಲೆ ಕಟ್ಟಿ ಒಳಗೇ ಸಾಕುತ್ತಾರೆ. ಒಳಗಿರುವ ಕೋಳಿಗೆ ಆರಿಸಿ ತಿನ್ನುವ ಅವಕಾಶವಿಲ್ಲ. ಅದಕ್ಕೆ ಏನು ಬೇಕೆಂದು ನಾವೇ ತಿಳಿದು ಹಾಕಬೇಕು.

ಮುಂದಿಟ್ಟದ್ದನ್ನಷ್ಟೇ ತಿಂದು ಬದುಕುವ ಕೋಳಿಗೆ ಏನಾಗಬಹುದೆಂಬುದನ್ನು ಮೊದಲು ಕಂಡವರಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಒಬ್ಬರು. 1889ರಲ್ಲಿ ಅವರು ಜಾವಾ ದ್ವೀಪದ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಬೆರಿಬೆರಿ ರೋಗಕ್ಕೆ ಕಾರಣವಾದ ರೋಗಾಣುವನ್ನು ಹುಡುಕುತ್ತಿದ್ದರು. ಪ್ರಯೋಗಾಲಯದಲ್ಲಿದ್ದ ಕೋಳಿಗಳಿಗೆ ಇದ್ದಕ್ಕಿದ್ದಂತೆ ಕಾಲಿನ ಬಲ ಹೋಯಿತು. ನಿಲ್ಲಲಾಗದೆ ಮಗುಚಿ ಬೀಳತೊಡಗಿದವು. ಕೆಲವು ತಿಂಗಳ ನಂತರ ಯಾವ ಔಷಧಿಯೂ ಇಲ್ಲದೆ ಚೇತರಿಸಿಕೊಂಡವು. ವಿಚಾರಿಸಿದಾಗ ಗೊತ್ತಾದದ್ದು ಇಷ್ಟು: ಕೋಳಿ ನೋಡಿಕೊಳ್ಳುತ್ತಿದ್ದವನು ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಿಂದ ಪಾಲಿಶ್ ಅಕ್ಕಿಯ ಅನ್ನ ತಂದು ಹಾಕುತ್ತಿದ್ದ. ಹೊಸದಾಗಿ ಬಂದ ಅಡುಗೆಯವನು ಮಿಲಿಟರಿಯ ಅನ್ನ ಕೋಳಿಗೇಕೆ ಎಂದು ನಿಲ್ಲಿಸಿದ. ಕೋಳಿಗಳು ಮತ್ತೆ ತೌಡು ಹೋಗದ ಅಕ್ಕಿಗೆ ಮರಳಿದವು, ಬದುಕಿಕೊಂಡವು. ತೌಡಿನಲ್ಲಿದ್ದದ್ದು ಇಂದು ನಾವು ಬಿ1 ಅಥವಾ ಥಯಾಮಿನ್ ಎನ್ನುವ ಜೀವಸತ್ವ. ಈ ಕೆಲಸಕ್ಕೆ ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಇಂದಿಗೂ ನಮ್ಮ ಎಷ್ಟೋ ಮನೆಗಳಲ್ಲಿ ಕೋಳಿಗೆ ಹಾಕುವುದು ಮಿಕ್ಕ ಬಿಳಿ ಅನ್ನ ಮತ್ತು ಪಡಿತರ ಅಕ್ಕಿಯ ನುಚ್ಚು. ಹೊರಗೆ ಮೇಯುವ ಕೋಳಿಗೆ ಅದರಿಂದ ಹಾನಿಯಿಲ್ಲ. ಬಲೆಯೊಳಗಿನ ಕೋಳಿಗೆ ಅದೊಂದೇ ಊಟವಾಗಬಾರದು.

ಈಗ ಬೆಳವಣಿಗೆಯ ಲೆಕ್ಕಕ್ಕೆ ಬರೋಣ. ಮೊಟ್ಟೆ ಒಡೆದು ಬಂದ ಮರಿ ಸುಮಾರು 40 ಗ್ರಾಂ ಇರುತ್ತದೆ. ಮೊಟ್ಟೆ ಜಾತಿಯ ಮರಿ ಎಂಟು ವಾರಕ್ಕೆ ಆರುನೂರು ಗ್ರಾಂ ಆಸುಪಾಸು ಬರುತ್ತದೆ, ಅಂದರೆ ಹುಟ್ಟಿನ ತೂಕದ ಹದಿನೈದು ಪಟ್ಟು. ಮುಂದಿನ ಹತ್ತು ವಾರದಲ್ಲಿ ಅದು ಹೆಚ್ಚೆಂದರೆ ಎರಡು ಪಟ್ಟಿಗಿಂತ ಸ್ವಲ್ಪ ಮೇಲೆ ಬೆಳೆಯುತ್ತದೆ. ಮೊದಲ ಎಂಟು ವಾರದಲ್ಲಿ ಮಾಂಸ, ಕರುಳು, ಮೂಳೆ, ಗರಿ ಎಲ್ಲವೂ ಒಟ್ಟಿಗೆ ಕಟ್ಟಿಕೊಳ್ಳಬೇಕು. ಗರಿಯೆಂಬುದು ಬಹುಪಾಲು ಪ್ರೋಟೀನೇ. ಅದರಲ್ಲೂ ಗಂಧಕವಿರುವ ಅಮೈನೋ ಆಮ್ಲಗಳು ಗರಿಗೆ ಹೆಚ್ಚು ಬೇಕು. ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಸಂಸ್ಥೆಯ ಐಎಸ್ 1374 ಎಂಬ ಮಾನದಂಡ ಮೊಟ್ಟೆ ಜಾತಿಯ ಮರಿಗೆ ಮೊದಲ ಎಂಟು ವಾರ ಹಾಕುವ ಚಿಕ್ ಫೀಡಿನಲ್ಲಿ ನೂರಕ್ಕೆ 20 ಪಾಲು ಪ್ರೋಟೀನ್ ಇರಲಿ ಎನ್ನುವುದು ಇದೇ ಕಾರಣಕ್ಕೆ. ಎಂಟು ವಾರ ದಾಟಿದ ಮೇಲೆ, ಗ್ರೋಯರ್ ಫೀಡಿನಲ್ಲಿ, 16 ಸಾಕು. ಮೊಟ್ಟೆ ಶುರುವಾದಾಗ ಮತ್ತೆ 18. ಬಾಯ್ಲರ್ ಮರಿಯ ದಾರಿಯೇ ಬೇರೆ: ಅದು 23ರಿಂದ ಶುರುವಾಗಿ 20ಕ್ಕೆ ಮುಗಿಯುತ್ತದೆ, ಏಕೆಂದರೆ ಅದರ ಇಡೀ ಬದುಕೇ ಐದಾರು ವಾರ.

‘ಪ್ರೋಟೀನ್ ಒಳ್ಳೆಯದು ತಾನೆ, ನಾಟಿ ಮರಿಗೂ ಕೊನೆಯವರೆಗೆ ಬಾಯ್ಲರ್ ಸ್ಟಾರ್ಟರನ್ನೇ ಹಾಕಿದರೆ ಬೇಗ ತೂಕ ಬರುವುದಿಲ್ಲವೇ’ ಎಂದು ಕೇಳುವವರುಂಟು. ಇದಕ್ಕೆ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಒಂದು ಪ್ರಯೋಗ ನೇರ ಉತ್ತರ ಕೊಡುತ್ತದೆ. ಅಲ್ಲಿ 1957ರ ಕಾಲದ, 1978ರ ಕಾಲದ ಕೋಳಿ ತಳಿಗಳನ್ನು ಬದಲಾಗದಂತೆ ಉಳಿಸಿಕೊಂಡು ಬಂದಿದ್ದಾರೆ. ಅವುಗಳ ಜೊತೆಗೆ 2005ರ ಬಾಯ್ಲರ್ ತಳಿಯ ಮರಿಗಳನ್ನೂ ಇಟ್ಟು ಮೂರಕ್ಕೂ ಒಂದೇ ಫೀಡು ಹಾಕಿ ಬೆಳೆಸಿದರು. 56 ದಿನಕ್ಕೆ ತೂಗಿದಾಗ 1957ರ ಕೋಳಿ 905 ಗ್ರಾಂ, 1978ರದ್ದು 1,808 ಗ್ರಾಂ, 2005ರದ್ದು 4,202 ಗ್ರಾಂ. ತಿಂದ ಫೀಡು ಒಂದೇ. ಬಾಯ್ಲರ್ ಕೋಳಿಗೆ ಹಾರ್ಮೋನ್ ಚುಚ್ಚುತ್ತಾರೆಂಬ ಮಾತು ನಮ್ಮಲ್ಲಿ ಇನ್ನೂ ಓಡಾಡುತ್ತಿದೆ. ಆ ಬೆಳವಣಿಗೆ ತಳಿ ಆಯ್ಕೆಯಿಂದ ಬಂದದ್ದು ಎಂಬುದಕ್ಕೆ ಈ ಮೂರು ಅಂಕಿ ಸಾಕು. ನಾಟಿ ಕೋಳಿಯ ಮೈಗೆ ಒಂದು ದಿನಕ್ಕೆ ಇಷ್ಟೇ ಮಾಂಸ ಕಟ್ಟಬಹುದೆಂಬ ಮಿತಿ ಹುಟ್ಟಿನಿಂದಲೇ ಇದೆ. ಅದಕ್ಕಿಂತ ಹೆಚ್ಚು ಪ್ರೋಟೀನ್ ಹಾಕಿದರೆ ಅದು ಒಡೆದು, ಅದರ ಸಾರಜನಕ ಯೂರಿಕ್ ಆಮ್ಲವಾಗಿ ಹಿಕ್ಕೆಯಲ್ಲಿ ಹೊರಗೆ ಹೋಗುತ್ತದೆ. ಹಿಕ್ಕೆಯ ಮೇಲಿನ ಬಿಳಿ ಬಣ್ಣ ಅದೇ. ನೆಲದ ಹೊಟ್ಟಿನಲ್ಲಿ ಕೊಳೆತು ಅಮೋನಿಯಾ ಆಗಿ ಕಣ್ಣು ಉರಿಸುವುದೂ ಅದೇ. ಗೂಡಿನೊಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಘಾಟು ಹೊಡೆದರೆ, ಹೊಟ್ಟು ಒದ್ದೆಯಾಗಿದೆಯೇ ಎಂದು ನೋಡಿ. ಒಣಗಿಯೂ ಘಾಟಿದ್ದರೆ ಕೊಟ್ಟ ಪ್ರೋಟೀನ್ ಹೆಚ್ಚಾಗಿದೆಯೇ ಎಂದು ವಿಚಾರಿಸಿ. ದುಡ್ಡು ಹಿಕ್ಕೆಗೆ ಹೋಗುತ್ತಿರಬಹುದು.

ಮೊದಲ ಕೆಲವು ವಾರ ಮಾತ್ರ ನಾಟಿ ಮರಿಗೂ ಬಾಯ್ಲರ್ ಸ್ಟಾರ್ಟರ್ ಹಾಕಿದರೆ ತಪ್ಪೇನಿಲ್ಲ. ಚಿಕ್ ಫೀಡು ಸಿಗದ ಊರಲ್ಲಿ ನಾನೂ ಅದನ್ನೇ ಹೇಳುತ್ತೇನೆ. ಕೆಡುಕು ಇರುವುದು ಲೇಯರ್ ಮೂಟೆಯಲ್ಲಿ.

ಲೇಯರ್ ಫೀಡು ಮೊಟ್ಟೆ ಇಡುವ ಕೋಳಿಗೆಂದೇ ಮಾಡಿದ್ದು. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕೋಳಿಯ ಇಡೀ ಮೈಯಲ್ಲಿ, ಮೂಳೆಗಳೆಲ್ಲ ಸೇರಿ, ಇರುವ ಕ್ಯಾಲ್ಸಿಯಂ ಇಪ್ಪತ್ತು ಗ್ರಾಂ ಆಸುಪಾಸು. ಅಂದರೆ ಒಂದೊಂದು ಮೊಟ್ಟೆಗೂ ಅದು ಮೈಯ ಕ್ಯಾಲ್ಸಿಯಮ್ಮಿನ ಹತ್ತನೇ ಒಂದು ಪಾಲನ್ನು ಹೊರಗೆ ಹಾಕುತ್ತದೆ.  ತಿಂದದ್ದರಲ್ಲಿ ಅರ್ಧದಷ್ಟು ಮಾತ್ರ ಮೈಗೆ ಹತ್ತುವುದರಿಂದ ದಿನಕ್ಕೆ ನಾಲ್ಕು ಗ್ರಾಂ ಬೇಕು. ಕೋಳಿ ದಿನಕ್ಕೆ ತಿನ್ನುವುದು ನೂರು, ನೂರಹತ್ತು ಗ್ರಾಂ ಫೀಡು. ಹಾಗಾಗಿ ಲೇಯರ್ ಫೀಡಿನಲ್ಲಿ ನೂರಕ್ಕೆ 3ರಿಂದ 4 ಪಾಲು ಕ್ಯಾಲ್ಸಿಯಂ ತುಂಬಿರುತ್ತಾರೆ. ಬೆಳೆಯುವ ಕೋಳಿಗೆ ಬೇಕಾದದ್ದು ನೂರಕ್ಕೆ 1.

ಮೂರು ಪಟ್ಟು ಹೆಚ್ಚು ಕ್ಯಾಲ್ಸಿಯಂ ಬಂದಾಗ ಬೆಳೆಯುವ ಕೋಳಿಗೆ ಅದನ್ನು ಹಾಕಲು ಜಾಗವಿಲ್ಲ. ಚಿಪ್ಪು ಕಟ್ಟುವ ಕೆಲಸ ಇನ್ನೂ ಶುರುವಾಗಿಲ್ಲ. ಹೆಚ್ಚಾದದ್ದನ್ನು ಮೂತ್ರಪಿಂಡ ಸೋಸಿ ಹೊರಹಾಕಬೇಕು. ಕೋಳಿಯ ಮೂತ್ರ ನಮ್ಮದರ ಹಾಗೆ ತೆಳ್ಳಗಿರುವುದಿಲ್ಲ. ಯೂರಿಕ್ ಆಮ್ಲ ತುಂಬಿದ ಬಿಳಿಯ ಗಟ್ಟಿ ಪದಾರ್ಥ ಅದು. ಅದರ ಜೊತೆಗೆ ಕ್ಯಾಲ್ಸಿಯಂ ಸೇರಿದಾಗ ಮೂತ್ರನಾಳದಲ್ಲಿ ಸಣ್ಣ ಕಲ್ಲುಗಳು ಕೂರುತ್ತವೆ. ನಾಳ ಕಟ್ಟಿದ ಕಡೆ ಮೂತ್ರಪಿಂಡದ ಆ ಭಾಗ ಬತ್ತಿ ಸಣ್ಣದಾಗುತ್ತದೆ. ಉಳಿದ ಭಾಗ ಹೆಚ್ಚು ದುಡಿದು ಕೆಲವು ಕಾಲ ತಳ್ಳುತ್ತದೆ. ಮೊಟ್ಟೆ ಶುರುವಾಗಿ ಮೈಯ ಮೇಲೆ ಭಾರ ಬಿದ್ದಾಗ ಅದೂ ಸೋಲುತ್ತದೆ. ರಕ್ತದಲ್ಲೇ ಉಳಿದ ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆ ಹರಳಾಗಿ ಕೂರುತ್ತದೆ. ಅಂಥ ಕೋಳಿಯನ್ನು ಡಾಕ್ಟರು ಮರಣೋತ್ತರ ಪರೀಕ್ಷೆಗೆ ಕೊಯ್ದಾಗ ನೋಡಬೇಕು: ಗುಂಡಿಗೆಯ ಮೇಲೆ, ಈಲಿಯ ಮೇಲೆ, ಹೊಟ್ಟೆಯ ಒಳಪೊರೆಯ ಮೇಲೆಲ್ಲ ಸೀಮೆಸುಣ್ಣ ಉಜ್ಜಿದ್ದಾರೇನೋ ಎನ್ನುವ ಬಿಳಿ ಪುಡಿ, ಮೂತ್ರಪಿಂಡದಲ್ಲಿ ಒಂದು ಹಾಲೆ ಊದಿಕೊಂಡು ಬೆಳ್ಳಗೆ ನರನರವಾಗಿ ಕಾಣುತ್ತಿರುತ್ತದೆ, ಪಕ್ಕದ ಹಾಲೆ ಇದ್ದ ಗುರುತೂ ಇರುವುದಿಲ್ಲ. ಇದಕ್ಕೆ ಗೌಟ್ ಎನ್ನುತ್ತಾರೆ. ಗೌಟಿಗೆ ಬೇರೆ ಕಾರಣಗಳೂ ಇವೆ: ನೀರಿನ ಕೊರತೆ, ಕೆಲವು ವೈರಸ್ಸುಗಳು, ಬೂಷ್ಟಿನ ವಿಷ. ಆದರೆ ಸರಿಯಾದ ಫೀಡಿನ ಮೂಟೆ ಆರಿಸಿದರೆ ಸುಲಭವಾಗಿ ತಡೆಯಬಹುದಾದ ಕಾರಣ ಇದು, ಅದೂ ಖರ್ಚಿಲ್ಲದೆ.

ಹಾಗಾದರೆ ಲೇಯರ್ ಫೀಡಿಗೆ ಯಾವಾಗ ಬದಲಾಗಬೇಕು? ಮೊದಲ ಮೊಟ್ಟೆಗೆ ಎರಡು ವಾರ ಮುಂಚೆ ಹೆಣ್ಣು ಕೋಳಿಯ ಮೈಯಲ್ಲಿ ಈಸ್ಟ್ರೊಜೆನ್ ಹಾರ್ಮೋನು ಏರುತ್ತದೆ. ಆಗ ಉದ್ದ ಮೂಳೆಗಳ ಟೊಳ್ಳಿನೊಳಗೆ ಹೊಸದೊಂದು ಬಗೆಯ ಮೆತ್ತನೆಯ ಮೂಳೆ ಬೆಳೆಯುತ್ತದೆ. ಹಕ್ಕಿಗಳಲ್ಲಿ ಮಾತ್ರ ಕಾಣುವ ಈ ಮೂಳೆ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಮ್ಮಿನ ದಾಸ್ತಾನು. ರಾತ್ರಿ ಹೊತ್ತು ಹೊಟ್ಟೆ ಖಾಲಿ ಇರುವಾಗಲೂ ಚಿಪ್ಪು ಕಟ್ಟುವ ಕೆಲಸ ನಡೆಯುವುದು ಈ ದಾಸ್ತಾನಿನಿಂದ. ಜುಟ್ಟು ಕೆಂಪಗಾಗಿ ಹಿಗ್ಗುವುದು, ಯಾಟೆ ಮುಟ್ಟಿದರೆ ಬಗ್ಗಿ ಕೂರುವುದು, ಗೂಡಿನ ಮೂಲೆ ಹುಡುಕುವುದು ಕಂಡರೆ ಒಳಗೆ ಈ ಕೆಲಸ ಶುರುವಾಗಿದೆ ಎಂದರ್ಥ. ಲೇಯರ್ ಫೀಡಿಗೆ ಅದೇ ಹೊತ್ತು. ಫಾರಂ ತಳಿಗಳಲ್ಲಿ ಇದು 17, 18ನೇ ವಾರಕ್ಕೆ ಬರುತ್ತದೆ. ನಾಟಿಯಲ್ಲಿ ಆರು ತಿಂಗಳೂ ಆಗಬಹುದು. ಆದ್ದರಿಂದ ನಾಟಿ ಸಾಕುವವರು ಕ್ಯಾಲೆಂಡರಿಗಿಂತ ಜುಟ್ಟನ್ನು ನೋಡುವುದೇ ಲೇಸು. ಹುಂಜಕ್ಕಂತೂ ಲೇಯರ್ ಫೀಡು ಯಾವ ವಯಸ್ಸಿನಲ್ಲೂ ಬೇಕಿಲ್ಲ.

ಇನ್ನು, ಮೂಟೆ ಕೊಳ್ಳದೆ ಮನೆಯಲ್ಲೇ ಬೆರೆಸುವ ವಿಚಾರ. ನಮ್ಮ ಜಿಲ್ಲೆಯಲ್ಲಿ ಇದನ್ನು ಯೋಚಿಸಲು ಒಳ್ಳೆಯ ಕಾರಣಗಳಿವೆ. ಕೋಳಿ ಫೀಡಿನ ಅರ್ಧಕ್ಕಿಂತ ಹೆಚ್ಚು ಪಾಲು ಮುಸುಕಿನ ಜೋಳ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲ ಸಲ ಕಂಡಿತು; ಅಲ್ಲಿಂದ ಜೋಳದ ಬೆಳೆಗೆ ನೆಮ್ಮದಿಯಿಲ್ಲ. ಈಚೆಗೆ ಎಥನಾಲ್ ಕಾರ್ಖಾನೆಗಳೂ ಜೋಳ ಕೊಳ್ಳಲು ನಿಂತಿವೆ. ಸೋಯಾ ಹಿಂಡಿಯ ಬೆಲೆ 2021ರಲ್ಲಿ ಎಷ್ಟು ಏರಿತೆಂದರೆ ಕೇಂದ್ರ ಸರ್ಕಾರ ಆಗಸ್ಟ್‌ನಲ್ಲಿ 12 ಲಕ್ಷ ಟನ್ ಕುಲಾಂತರಿ ಸೋಯಾದ ಹಿಂಡಿ ಆಮದಿಗೆ ಒಪ್ಪಬೇಕಾಯಿತು. ಇತ್ತ ನೆಲಮಂಗಲ, ದೊಡ್ಡಬಳ್ಳಾಪುರದ ಮನೆಗಳಲ್ಲಿ ರಾಗಿ ಇದ್ದೇ ಇರುತ್ತದೆ.

ರಾಗಿ ಕೋಳಿಗೆ ಒಳ್ಳೆಯ ಕಾಳು. ಪ್ರೋಟೀನ್ ನೂರಕ್ಕೆ 7ರಷ್ಟೇ, ಜೋಳಕ್ಕಿಂತ ಸ್ವಲ್ಪ ಕಡಿಮೆ. ಆದರೆ ಆ ಪ್ರೋಟೀನಿನಲ್ಲಿ ಮೆಥಿಯೊನಿನ್ ಎಂಬ ಗಂಧಕದ ಅಮೈನೋ ಆಮ್ಲ ಚೆನ್ನಾಗಿದೆ. ಕೊರತೆ ಇರುವುದು ಲೈಸಿನ್‌ನದ್ದು. ಸೋಯಾದಂಥ ದ್ವಿದಳ ಕಾಳಿನಲ್ಲಿ ಇದು ತಿರುಗುಮುರುಗು: ಲೈಸಿನ್ ಧಾರಾಳ, ಮೆಥಿಯೊನಿನ್ ಕಡಿಮೆ. ನಾವು ಮುದ್ದೆಗೆ ಅವರೆಕಾಳು ಸಾರು ಕೂಡಿಸಿ ಉಣ್ಣುವುದರಲ್ಲಿ ಯಾವ ಹೊಂದಾಣಿಕೆ ಇದೆಯೋ ಅದೇ ಹೊಂದಾಣಿಕೆ ರಾಗಿ ಮತ್ತು ಸೋಯಾ ಹಿಂಡಿಯ ನಡುವೆ ಇದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಸಿ ಸೋಯಾಕಾಳನ್ನು ಮಾತ್ರ ಹಾಕಬಾರದು. ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಅದರಲ್ಲಿದೆ, ಬಿಸಿಗೆ ಅದು ನಾಶವಾಗುತ್ತದೆ. ಎಣ್ಣೆ ತೆಗೆದ ಹಿಂಡಿ ಕಾರ್ಖಾನೆಯಲ್ಲೇ ಬೆಂದು ಬಂದಿರುತ್ತದೆ.

ಎಷ್ಟಕ್ಕೆ ಎಷ್ಟು? ಇದಕ್ಕೊಂದು ಹಳೆಯ ಚೌಕದ ಲೆಕ್ಕವಿದೆ. ಕಾಗದದ ಮೇಲೆ ಚೌಕ ಬರೆದು ನಡುವೆ ನಮಗೆ ಬೇಕಾದ ಪ್ರೋಟೀನ್ ಬರೆಯಿರಿ, ಬೆಳೆಯುವ ಕೋಳಿಗಾದರೆ 16. ಎಡಗಡೆಯ ಮೇಲಿನ ಮೂಲೆಗೆ ರಾಗಿಯ 7, ಕೆಳಗಿನ ಮೂಲೆಗೆ ಸೋಯಾ ಹಿಂಡಿಯ 45. ಈಗ ಓರೆಯಾಗಿ ಕಳೆಯಿರಿ. 45ರಲ್ಲಿ 16 ಹೋದರೆ 29. ಅದು ರಾಗಿಯ ಪಾಲು. 16ರಲ್ಲಿ 7 ಹೋದರೆ 9; ಅದು ಸೋಯಾದ ಪಾಲು. ಒಟ್ಟು 38 ಪಾಲಿನಲ್ಲಿ 29 ರಾಗಿ, 9 ಸೋಯಾ. ನೂರು ಕೆಜಿಗೆ ಲೆಕ್ಕ ಹಾಕಿದರೆ ರಾಗಿ 76 ಕೆಜಿ, ಸೋಯಾ 24 ಕೆಜಿ ಬರುತ್ತದೆ. ಎಂಟು ವಾರದೊಳಗಿನ ಮರಿಗೆ ನಡುವೆ 20 ಬರೆದು ಇದನ್ನೇ ಮಾಡಿದರೆ ರಾಗಿ 66, ಸೋಯಾ 34. ರಾಗಿಯ ಬದಲು ಅರ್ಧ ರಾಗಿ, ಅರ್ಧ ಮುಸುಕಿನ ಜೋಳ ಬೆರೆಸುವುದು ನನಗೆ ಹೆಚ್ಚು ಒಪ್ಪಿಗೆ. ಕೆಂಪು ರಾಗಿಯ ಸಿಪ್ಪೆಯಲ್ಲಿರುವ ಟ್ಯಾನಿನ್ ಪ್ರೋಟೀನ್ ಜೀರ್ಣಕ್ಕೆ ಸ್ವಲ್ಪ ಅಡ್ಡ ಬರುತ್ತದೆ, ಜೋಳ ಬೆರೆತಾಗ ಅದು ತೆಳುವಾಗುತ್ತದೆ. ಹಾಗೆ ಬೆರೆಸುವುದಾದರೆ ಮೇಲಿನ ಮೂಲೆಗೆ 7ರ ಬದಲು 8 ಬರೆಯಿರಿ.

ಇಷ್ಟಕ್ಕೇ ನಿಲ್ಲಿಸಿದರೆ ಮೂಳೆ ಸೊರಗುತ್ತದೆ. ರಾಗಿಯಲ್ಲಿ ಸುಣ್ಣದ ಅಂಶ ಹೆಚ್ಚೆಂಬುದು ನಿಜ, ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಆದರೆ ಬೆಳೆಯುವ ಕೋಳಿಗೆ ಬೇಕಾದ ಒಂದು ಪಾಲಿನಲ್ಲಿ ಅದು ಕಾಲು ಭಾಗವನ್ನಷ್ಟೇ ಒದಗಿಸುತ್ತದೆ. ಕಾಳುಗಳಲ್ಲಿರುವ ರಂಜಕದ ಬಹುಪಾಲು ಫೈಟೇಟ್ ರೂಪದಲ್ಲಿ ಬಿಗಿದುಕೊಂಡಿರುವುದರಿಂದ ಕೋಳಿಗೆ ಅದು ದಕ್ಕುವುದಿಲ್ಲ. ನೂರು ಕೆಜಿ ಮಿಶ್ರಣಕ್ಕೆ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಒಂದೂಕಾಲು ಕೆಜಿ, ಕಲ್ಲುಪುಡಿ ಒಂದು ಕೆಜಿ, ಉಪ್ಪು ಮುನ್ನೂರು ಗ್ರಾಂ, ಜೊತೆಗೆ ಪಶು ಔಷಧಿ ಅಂಗಡಿಯಲ್ಲಿ ಸಿಗುವ ಕೋಳಿಗಳ ಜೀವಸತ್ವ ಮತ್ತು ಖನಿಜ ಮಿಶ್ರಣವನ್ನು ಪೊಟ್ಟಣದ ಮೇಲೆ ಬರೆದಷ್ಟು ಸೇರಿಸಿದರೆ ಲೆಕ್ಕ ಕೂಡುತ್ತದೆ. ಸೇರಿಸುವ ಕ್ರಮವೂ ಮುಖ್ಯ: ಪುಡಿಗಳನ್ನು ಮೊದಲು ಎರಡು ಕೆಜಿ ನುಚ್ಚಿಗೆ ಬೆರೆಸಿ, ಅದನ್ನು ಹತ್ತು ಕೆಜಿಗೆ, ಆಮೇಲೆ ಪೂರ್ತಿಗೆ. ನೇರವಾಗಿ ಸುರಿದರೆ ಉಪ್ಪು ಒಂದೇ ಕಡೆ ಉಳಿದು ಅದನ್ನು ತಿಂದ ಮರಿ ಸಾಯುತ್ತದೆ. ರಾಗಿಯನ್ನು ಮುದ್ದೆಯ ಹಿಟ್ಟಿನ ಹಾಗೆ ನುಣ್ಣಗೆ ಬೀಸಿಸಬೇಡಿ; ಕೊಕ್ಕಿಗೆ ಮೆತ್ತಿಕೊಂಡು ಮರಿ ತಿನ್ನುವುದನ್ನೇ ಬಿಡುತ್ತದೆ. ನುಚ್ಚು ನುಚ್ಚಾಗಿ ಒಡೆಸಿ.

ದೇವನಹಳ್ಳಿ ತಾಲ್ಲೂಕಿನ ವಿಜಯಪುರದವರ ಬಳಿ ಬೇರೆ ಎಷ್ಟೋ ಕಡೆ ಸುಲಭಕ್ಕೆ ಸಿಗದ ಒಂದು ಪದಾರ್ಥವಿದೆ. ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಪ್ಯೂಪ. ಒಣಗಿಸಿದ ಪ್ಯೂಪದಲ್ಲಿ ಅರ್ಧದಷ್ಟು ಪ್ರೋಟೀನೇ, ಅದೂ ಮೀನಿನ ಪುಡಿಗೆ ಸಮನಾಗಿ ನಿಲ್ಲುವ ಗುಣದ್ದು. ತೊಡಕು ಅದರ ಕೊಬ್ಬಿನದು. ಕಾಲು ಭಾಗದಷ್ಟು ಕೊಬ್ಬಿರುವುದರಿಂದ ಬೇಗ ಕಮಟುತ್ತದೆ, ಆ ವಾಸನೆ ಮಾಂಸಕ್ಕೂ ಮೊಟ್ಟೆಗೂ ಹತ್ತುತ್ತದೆ. ಎಣ್ಣೆ ತೆಗೆದ ಪ್ಯೂಪ ಸಿಕ್ಕರೆ ಉತ್ತಮ. ಸಿಗದಿದ್ದರೆ ಅಂದಂದಿನ ಹೊಸ ಪ್ಯೂಪವನ್ನು ಚೆನ್ನಾಗಿ ಒಣಗಿಸಿ, ಒಟ್ಟು ಆಹಾರದಲ್ಲಿ ನೂರಕ್ಕೆ ಐದು ಪಾಲು ಮೀರದಂತೆ, ಮಾರುವುದಕ್ಕೆ ಎರಡು ವಾರ ಮುಂಚೆ ನಿಲ್ಲಿಸುವಂತೆ ಹಾಕಬಹುದು. ಅಜೋಲಾ ಬಗ್ಗೆ ಇಷ್ಟೇ ಉತ್ಸಾಹ ನನಗಿಲ್ಲ. ಒಣಗಿಸಿದಾಗ ಅದರಲ್ಲಿ ನೂರಕ್ಕೆ 20ಕ್ಕೂ ಹೆಚ್ಚು ಪ್ರೋಟೀನ್ ಇರುವುದು ನಿಜವೇ. ಆದರೆ ತೊಟ್ಟಿಯಿಂದ ತೆಗೆದ ಹಸಿ ಅಜೋಲಾದಲ್ಲಿ ತೊಂಬತ್ತು ಪಾಲಿಗಿಂತ ಹೆಚ್ಚು ನೀರು. ಸೊಪ್ಪಿನ ಬದಲು ಹಾಕಿದರೆ ಸರಿ, ಫೀಡಿನ ಬದಲು ಆಗದು.

ಸರಿಯಾದ ಫೀಡನ್ನೇ ಆರಿಸಿ ತಂದು ಮಳೆಗಾಲದಲ್ಲಿ ನೆಲದ ಮೇಲೆ ಇಟ್ಟರೆ ಎಲ್ಲ ವ್ಯರ್ಥ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ಹುಡುಕಿದಾಗ ಬ್ರೆಜಿಲ್‌ನಿಂದ ತರಿಸಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಬೂಷ್ಟು ಸಿಕ್ಕಿತು. ಅಫ್ಲಟಾಕ್ಸಿನ್ ಎಂಬ ವಿಷ ಜಗತ್ತಿಗೆ ಗೊತ್ತಾದದ್ದು ಹಾಗೆ. ಈಲಿಯನ್ನು ಕೆಡಿಸುವ ಈ ವಿಷ ಕಡಿಮೆ ಪ್ರಮಾಣದಲ್ಲಿದ್ದಾಗ ಕೋಳಿಯನ್ನು ಕೊಲ್ಲುವುದಿಲ್ಲ, ಅದರ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಕೊಕ್ಕರೆ ರೋಗದ ಲಸಿಕೆ ಹಾಕಿಸಿಯೂ ಕೋಳಿ ಸತ್ತಾಗ ಲಸಿಕೆಯನ್ನು ದೂರುವ ಮೊದಲು ಮೂಟೆಯ ತಳ ನೋಡಬೇಕು. ಕೆಜಿಗೆ 20 ಮೈಕ್ರೋಗ್ರಾಂ ಎಂಬುದು ಬಿಐಎಸ್ ಇಟ್ಟಿರುವ ಮೇಲ್ಮಿತಿ. ಇದು ಕಣ್ಣಿಗೆ ಕಾಣುವ ಪ್ರಮಾಣವಲ್ಲ, ಬಿಸಿಗೂ ಸುಲಭಕ್ಕೆ ಹೋಗುವುದಿಲ್ಲ. ಫೀಡಿನ ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ. ಗಂಟು ಕಟ್ಟಿದ, ಮುಗ್ಗಲು ವಾಸನೆಯ ಫೀಡನ್ನು ‘ಕೋಳಿಗೆ ತಾನೆ’ ಎಂದು ಹಾಕಬೇಡಿ.

ಔಷಧಿ ಬೆರೆತ ಫೀಡಿನ ಬಗ್ಗೆಯೂ ಒಂದು ಎಚ್ಚರಿಕೆ. ಮರಿಗಳ ರಕ್ತಭೇದಿ ತಡೆಯಲು ಕೆಲವು ಸ್ಟಾರ್ಟರ್‌ಗಳಲ್ಲಿ ಕಾಕ್ಸಿಡಿಯೋಸಿಸ್ ನಿರೋಧಕ ಇರುತ್ತದೆ. ನೆಲದ ಮೇಲೆ ಬೆಳೆಯುವ ಮರಿಗೆ ಅದು ಉಪಯೋಗವೇ. ಆದರೆ ಮೊಟ್ಟೆ ಇಡುವ ಕೋಳಿಗೂ ಮಾರಲು ಎತ್ತುವ ಕೋಳಿಗೂ ಅದನ್ನು ಹಾಕಬಾರದು. ಬೆಳವಣಿಗೆಗೆಂದು ಆ್ಯಂಟಿಬಯೋಟಿಕ್ ಬೆರೆಸುವುದನ್ನಂತೂ ಪೂರ್ತಿ ಬಿಡಬೇಕು. ಮನುಷ್ಯರಿಗೆ ಕೊನೆಯ ಆಸರೆಯಾಗಿ ಉಳಿದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು.

ಬೇಸಿಗೆಯಲ್ಲಿ ಕೋಳಿ ಕಡಿಮೆ ತಿನ್ನುತ್ತದೆ, ಹಾಗಾಗಿ ತಂಪು ಹೊತ್ತಿನಲ್ಲಿ, ಬೆಳಗಿನ ಜಾವ ಮತ್ತು ಸಂಜೆ, ಫೀಡು ಹಾಕಿ. ನೀರು ಸದಾ ಇರಲಿ. ತಿಂದ ಫೀಡಿನ ಎರಡು ಪಟ್ಟು ನೀರು ಕೋಳಿಗೆ ಬೇಕು.

ಉಳಿಯುವುದು ಹಿತ್ತಲಿನ ನಿಜವಾದ ತೊಂದರೆ. ಮೊಟ್ಟೆ ಇಡುವ ಕೋಳಿ, ಹುಂಜ, ಮೂರು ತಿಂಗಳ ಪಡ್ಡೆಗಳು, ಮರಿ ಹಾಕಿಕೊಂಡ ತಾಯಿ ಎಲ್ಲವೂ ಒಂದೇ ತಟ್ಟೆಗೆ ಬಾಯಿ ಹಾಕುತ್ತವೆ. ಪ್ರತಿಯೊಂದಕ್ಕೂ ಬೇರೆ ಫೀಡು ಯಾರಿಂದ ಸಾಧ್ಯ? ಇದಕ್ಕೆ ಸುಲಭದ ದಾರಿಯಿದೆ. ಎಲ್ಲಕ್ಕೂ ಗ್ರೋಯರ್ ಫೀಡನ್ನೇ ಹಾಕಿ, ಕಪ್ಪೆಚಿಪ್ಪಿನ ನುಚ್ಚನ್ನು ಬೇರೆ ತಟ್ಟೆಯಲ್ಲಿ ಇಡಿ. ಮೊಟ್ಟೆ ಇಡುವ ಕೋಳಿಗೆ ಕ್ಯಾಲ್ಸಿಯಮ್ಮಿನದೇ ಒಂದು ಹಸಿವಿದೆ. ಚಿಪ್ಪು ಕಟ್ಟುವ ರಾತ್ರಿಗೆ ಮುಂಚೆ, ಸಂಜೆ ಹೊತ್ತಿನಲ್ಲಿ, ಅದು ತಾನಾಗಿ ಬಂದು ಆ ನುಚ್ಚನ್ನು ಆರಿಸಿ ತಿನ್ನುತ್ತದೆ. ಪಡ್ಡೆಗಳೂ ಹುಂಜವೂ ಒಂದೆರಡು ಸಲ ಕುಕ್ಕಿ ನೋಡಿ ಬಿಡುತ್ತವೆ. ಸಣ್ಣ ಮರಿಗಳಿಗೆ ಚಿಕ್ ಫೀಡನ್ನು ಬಿದಿರು ಬುಟ್ಟಿ ಕವುಚಿ ಅದರಡಿಯಲ್ಲಿ ಇಡಿ. ಮರಿಯಷ್ಟೇ ನುಸುಳುವ ಹಾಗೆ ಅಂಚಿಗೆ ಕಲ್ಲು ಕೊಟ್ಟು ಎತ್ತರಿಸಿದರೆ ದೊಡ್ಡ ಕೋಳಿಗಳು ಅದನ್ನು ಕಬಳಿಸಲಾರವು.

ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವಿದೆ, ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಿದೆ. ಮರಿ ತರುವ ಮೊದಲೇ ಇವುಗಳಲ್ಲೊಂದಕ್ಕೆ ಹೋಗಿ ವಿಚಾರಿಸಿ. ಅಂಗಡಿಯಲ್ಲಿ ಬಿಡಿಯಾಗಿ ತೂಗಿಸುವಾಗ, ಮೂಟೆಯ ಬಾಯಿಗೆ ಹೊಲಿದಿರುವ ಚೀಟಿಯನ್ನು ತೋರಿಸಲು ಕೇಳಿ. ಅದರಲ್ಲಿ ಪ್ರೋಟೀನ್ ಎಷ್ಟು, ಕ್ಯಾಲ್ಸಿಯಂ ಎಷ್ಟು, ತಯಾರಾದ ತಾರೀಖು ಯಾವುದು ಎಂದು ಓದಿ. ಕ್ಯಾಲ್ಸಿಯಂ ನೂರಕ್ಕೆ 3 ಅಥವಾ ಅದಕ್ಕಿಂತ ಹೆಚ್ಚು ಎಂದಿದ್ದರೆ, ಮೊಟ್ಟೆಗೆ ಬರದ ಕೋಳಿಗೆ ಅದನ್ನು ಕೊಳ್ಳಬೇಡಿ.